ಸಂಜೆ ಮೊದಲು, ಕಟ್ಟಡ ಆಮೇಲೆ: ಮೈಸೂರಿನಲ್ಲಿ ಎರಡೂವರೆ ದಿನ

ಮೈಸೂರಿಗೆ ಹೊರಡುವವರು ಮೊದಲು ಜಾಗಗಳ ಪಟ್ಟಿ ಬರೆಯುತ್ತಾರೆ. ಅರಮನೆ, ಬೆಟ್ಟ, ಮೃಗಾಲಯ, ಕನ್ನಂಬಾಡಿ. ಸಂಗೀತ ಕಛೇರಿ, ನಾಟಕ ಏನಾದರೂ ಇದ್ದರೆ ಆಗ ನೋಡೋಣ ಎಂದು ಕೊನೆಗೆ ಬಿಡುತ್ತಾರೆ. ಹಾಗೆ ಬಿಟ್ಟವರಿಗೆ ಕಛೇರಿ ಸಿಗುವುದು ಅಪರೂಪ. ಕಟ್ಟಡಗಳು ದಿನವಿಡೀ ನಿಂತಲ್ಲೇ ನಿಂತಿರುತ್ತವೆ, ಆದರೆ ಈ ಊರಿನ ಸಂಗೀತ, ನಾಟಕ, ಅರಮನೆಯ ದೀಪ ಮೂರೂ ಸಂಜೆ ಆರರಿಂದ ಒಂಬತ್ತರೊಳಗೇ ಬೀಳುತ್ತವೆ. ಎರಡು ರಾತ್ರಿ ತಂಗಿದರೆ ಕೈಯಲ್ಲಿರುವುದು ಎರಡೇ ಸಂಜೆ. ಆ ಎರಡನ್ನು ಮೊದಲು ಗುರುತು ಹಾಕಿಕೊಂಡು, ಉಳಿದ ಹಗಲಿಗೆ ಕಟ್ಟಡಗಳನ್ನು ಹಂಚಿಕೊಂಡರೆ ಪ್ರವಾಸ ತಾನಾಗಿ ಕೂಡಿಬರುತ್ತದೆ.

ಗುರುತು ಹಾಕುವಾಗ ಮೊದಲ ತೊಡಕು ಭಾನುವಾರವೇ. ಅರಮನೆಯ ಸುಮಾರು 97,000 ಬಲ್ಬುಗಳು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ರಿಂದ 7.45ರವರೆಗೆ ಉರಿಯುತ್ತವೆ. ಅದೇ ಹೊತ್ತಿಗೆ ಸಂಗೀತ ಸಭೆಗಳಲ್ಲಿ ಕಛೇರಿ ಅರ್ಧದಲ್ಲಿರುತ್ತದೆ, ರಂಗಮಂದಿರದಲ್ಲಿ ನಾಟಕ ಶುರುವಾಗಿರುತ್ತದೆ. ಎರಡನ್ನೂ ಒಂದೇ ಸಂಜೆಗೆ ತುರುಕಲು ಹೋದವರು ದೀಪವನ್ನು ಆಟೋದೊಳಗಿಂದ ನೋಡಿ, ನಾಟಕದ ಮೊದಲ ದೃಶ್ಯ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಶನಿವಾರದ ಸಂಜೆ ಕಛೇರಿಗೋ ನಾಟಕಕ್ಕೋ ಇರಲಿ, ಭಾನುವಾರದ್ದು ದೀಪಕ್ಕೆ. ಭಾನುವಾರ ನಿಮಗೆ ಬೇಕಾದವರ ಕಛೇರಿಯೇ ಇದ್ದರೆ ದೀಪವನ್ನು ವಾರದ ದಿನಕ್ಕೆ ತಳ್ಳಬಹುದು. ಆಗ ಧ್ವನಿ ಬೆಳಕು ಪ್ರದರ್ಶನ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಹಚ್ಚುತ್ತಾರೆ.

ಯಾವ ತಿಂಗಳು ಎಂಬುದು ಎರಡನೆಯ ಪ್ರಶ್ನೆ. ಎಲ್ಲರ ಬಾಯಲ್ಲೂ ದಸರಾ. ನವರಾತ್ರಿಯ ಸಂಜೆಗಳಲ್ಲಿ ಅರಮನೆಯ ಮುಂದಿನ ವೇದಿಕೆಯಲ್ಲಿ ದೊಡ್ಡ ದೊಡ್ಡವರ ಕಛೇರಿಗಳು ನಡೆಯುತ್ತವೆ, ದೀಪವೂ ದಿನಾ ಉರಿಯುತ್ತದೆ, ದೊಡ್ಡಕೆರೆ ಮೈದಾನದಲ್ಲಿ ವಸ್ತುಪ್ರದರ್ಶನ ತೆರೆದಿರುತ್ತದೆ. ಇದಕ್ಕೆ ಹೋಗುವುದಾದರೆ ಮೊದಲ ನಾಲ್ಕೈದು ದಿನಗಳಲ್ಲೇ ಹೋಗಬೇಕು. ಆಯುಧಪೂಜೆ ಮತ್ತು ವಿಜಯದಶಮಿಗೆ ಅರಮನೆಯೊಳಗೆ ರಾಜಮನೆತನದ ಖಾಸಗಿ ಪೂಜೆಗಳಿರುತ್ತವೆ, ಪ್ರವಾಸಿಗರಿಗೆ ಬಾಗಿಲು ತೆರೆಯುವುದಿಲ್ಲ. ಜಂಬೂಸವಾರಿಯ ದಿನವಂತೂ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ದಾರಿಯಲ್ಲಿ ವಾಹನ ಬಿಡುವುದಿಲ್ಲ, ಸಯ್ಯಾಜಿರಾವ್ ರಸ್ತೆಯ ಎರಡು ಬದಿಯೂ ಜನರಿಂದ ತುಂಬಿಹೋಗುತ್ತದೆ. ಜಂಬೂಸವಾರಿ ನೋಡುವುದೇ ಒಂದು ಪ್ರವಾಸ, ಕಟ್ಟಡ ನೋಡುವುದು ಇನ್ನೊಂದು. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬಾರದು.

ಸಂಗೀತವೇ ಮುಖ್ಯ ಎನ್ನುವವರಿಗೆ ಗಣೇಶನ ಹಬ್ಬ ಮೇಲು. ಒಂಟಿಕೊಪ್ಪಲು ಪಕ್ಕದ ವಿ.ವಿ. ಮೊಹಲ್ಲಾದಲ್ಲಿ ಎಂಟನೇ ಅಡ್ಡರಸ್ತೆಯ ಗಣಪತಿ ಉತ್ಸವ 1962ರಿಂದ ನಡೆದುಬಂದಿದೆ. ಚೌತಿಯಿಂದ ಮುಂದಕ್ಕೆ ಸಾಲು ಸಂಜೆ ಬೀದಿಯಲ್ಲೇ ಚಪ್ಪರ ಹಾಕಿ, ಕರ್ನಾಟಕ ಸಂಗೀತದ ಮುಂಚೂಣಿಯವರನ್ನು ಕರೆಸಿ ಹಾಡಿಸುತ್ತಾರೆ. ಚೌತಿಗೂ ನವರಾತ್ರಿಯ ಪಾಡ್ಯಕ್ಕೂ ನಡುವೆ ಸುಮಾರು 26 ದಿನ. ಆಗಿನ್ನೂ ದಸರೆಯ ನೂಕುನುಗ್ಗಲು ಇರುವುದಿಲ್ಲ, ರೂಮು ಸುಲಭವಾಗಿ ಸಿಗುತ್ತದೆ. ಚಳಿ ಇಷ್ಟಪಡುವವರಿಗೆ ಡಿಸೆಂಬರ್ ಕೊನೆಯ ವಾರ ಅರಮನೆಯ ಅಂಗಳದ ಮಾಗಿ ಉತ್ಸವ, ಫಲಪುಷ್ಪ ಪ್ರದರ್ಶನ. ನಾಟಕದವರಿಗೆ ಸಾಮಾನ್ಯವಾಗಿ ಜನವರಿಯಲ್ಲಿ ಬರುವ ರಂಗಾಯಣದ ಬಹುರೂಪಿ ನಾಟಕೋತ್ಸವ. ಹಬ್ಬವೇ ಇಲ್ಲದ ತಿಂಗಳಲ್ಲೂ ಊರು ಬರಿದಾಗಿರುವುದಿಲ್ಲ. ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನ, ಜೆ.ಎಲ್.ಬಿ. ರಸ್ತೆಯ ನಾದಬ್ರಹ್ಮ ಸಂಗೀತ ಸಭಾ, ರಂಗಾಯಣದ ಭೂಮಿಗೀತ, ಈ ಮೂರು ಕಡೆಯ ಕಾರ್ಯಕ್ರಮ ವಿಚಾರಿಸಿಕೊಂಡೇ ರೈಲಿನ ಟಿಕೆಟ್ ಮಾಡಿಸುವುದು ಒಳ್ಳೆಯದು. ಟಿಕೆಟ್ ಮಾಡಿಸಿದ ಮೇಲೆ ವಿಚಾರಿಸಿದರೆ ಬೇಕಾದ ಕಛೇರಿ ಹಿಂದಿನ ದಿನವೋ ಮಾರನೆಯ ದಿನವೋ ಆಗಿರುತ್ತದೆ. ಸ್ಥಳೀಯ ದಿನಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣ ಈಗಲೂ ಕೆಲಸಕ್ಕೆ ಬರುತ್ತದೆ.

ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 139 ಕಿಲೋಮೀಟರ್. ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಳಿದರೆ ಸಾಕು. ತಂಗುವ ಜಾಗ ಅರಮನೆ ಮತ್ತು ರೈಲು ನಿಲ್ದಾಣದ ನಡುವೆ ಎಲ್ಲಾದರೂ ಇರಲಿ. ಹಳೆಯ ಮೈಸೂರಿನ ಕಟ್ಟಡಗಳೆಲ್ಲ ಈ ಎರಡು ಕಿಲೋಮೀಟರಿನ ಸುತ್ತಲೇ ಇವೆ. ಕಾರಿನಲ್ಲಿ ಬಂದವರು ಕಾರನ್ನು ಹೋಟೆಲಿನಲ್ಲೇ ಬಿಟ್ಟು ನಡೆಯಬೇಕು. ದೇವರಾಜ ಮಾರುಕಟ್ಟೆಯ ಬಳಿ ಗಾಡಿ ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಮಾರುಕಟ್ಟೆಯನ್ನೇ ಒಂದು ಸುತ್ತು ಹಾಕಿ ಬರಬಹುದು.

ನಡಿಗೆ ದೊಡ್ಡ ಗಡಿಯಾರದಿಂದ ಶುರುವಾಗಲಿ. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು ಎದ್ದ 75 ಅಡಿಯ ಗೋಪುರ ಇದು. ಹತ್ತಿರ ನಿಂತು ಮುಖ ನೋಡಿ: ಅಂಕಿಗಳೆಲ್ಲ ಕನ್ನಡದವು. ೧೦, ೧೧, ೧೨ ಎಂದು ಓದಿಕೊಂಡು ಹೊತ್ತು ತಿಳಿಯುವ ಸುಖ ಇಲ್ಲಿದೆ. ಎದುರಿಗೇ ಪುರಭವನ. 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಕಾರಣರಾದ ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ್ದು. ಅಲ್ಲಿಂದ ಚಾಮರಾಜ ವೃತ್ತ, ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆಗೆ ಬಂದರೆ ದೇವರಾಜ ಮಾರುಕಟ್ಟೆ, ಅದರ ಮಗ್ಗುಲಲ್ಲಿ 1886ರ ಚಿಕ್ಕ ಗಡಿಯಾರ, ಆಚೆಗೆ 1892ರ ಲ್ಯಾನ್ಸ್‌ಡೌನ್ ಕಟ್ಟಡ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಮಾರುಕಟ್ಟೆಯ ಉತ್ತರ ದ್ವಾರದ ಕಡೆ 2016ರಲ್ಲಿ ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದುದನ್ನು ದುರಸ್ತಿ ಮಾಡಬೇಕೋ ಎಂಬ ವಾದ ಅಂದಿನಿಂದಲೂ ಇದೆ. ಕಣ್ಣಾರೆ ನೋಡಿದರೆ ವಾದದ ಮೂಲ ತಿಳಿಯುತ್ತದೆ. ಇಂಥ ಕಟ್ಟಡಗಳದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಸುಣ್ಣದ ಗಾರೆ ಉಸಿರಾಡುತ್ತದೆ: ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು, ಹೊರಗೆ ಗಟ್ಟಿಯಾಗಿ ಕಾಣುವ ಗೋಡೆಯ ಇಟ್ಟಿಗೆ ಒಳಗೊಳಗೇ ಪುಡಿಯಾಗುತ್ತದೆ. ಚಾವಣಿಯ ಸಂದಿಯಲ್ಲಿ ಅರಳಿ ಸಸಿ ಬೇರುಬಿಟ್ಟರೆ ಉಳಿದ ಕೆಲಸವನ್ನು ಅದು ಮುಗಿಸುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಹುಡಿ, ಕಮಾನಿನ ನೆತ್ತಿಯಲ್ಲಿ ಮೇಲಕ್ಕೇರುವ ಸೀಳು, ಈ ಎರಡನ್ನು ಗುರುತಿಸಲು ಕಲಿತರೆ ಮೈಸೂರಿನ ಯಾವ ಹಳೆಯ ಕಟ್ಟಡದ ಆರೋಗ್ಯವನ್ನಾದರೂ ರಸ್ತೆಯಲ್ಲಿ ನಿಂತೇ ಅಳೆಯಬಹುದು. ಉಳಿಸಿಕೊಳ್ಳಲು ಬೇಕಾದದ್ದು ಹಳೆಯ ಸುಣ್ಣದ ಕೆಲಸ ಬಲ್ಲ ಕೈಗಳು ಮತ್ತು ವರ್ಷಕ್ಕೊಮ್ಮೆ ಮಾಳಿಗೆ ಹತ್ತಿ ಸಸಿ ಕೀಳುವ ವ್ಯವಸ್ಥೆ. ಬಿದ್ದ ಮೇಲೆ ಕಟ್ಟುವುದಕ್ಕಿಂತ ಇದು ಎಷ್ಟೋ ಅಗ್ಗ.

ಮಾರುಕಟ್ಟೆಯೊಳಗೆ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಕೊಳ್ಳುವುದಾದರೆ ಹೊರಡುವ ದಿನಕ್ಕೆ ಇಟ್ಟುಕೊಳ್ಳಿ, ಎರಡು ದಿನ ಚೀಲದಲ್ಲಿ ಬಾಳುವ ಸಾಮಾನಲ್ಲ. ನಾಲ್ಕೂವರೆಗೆ ಹೊರಬಿದ್ದರೆ ದಿವಾನ್ಸ್ ರಸ್ತೆಯ ಪ್ರಸನ್ನ ಸೀತಾರಾಮ ಮಂದಿರವನ್ನು ನೋಡಿಕೊಂಡು ಹೋಗಬಹುದು. ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಈ ಮಂದಿರ ಕಣ್ಣಿಗೆ ಸಣ್ಣದು, ಸಂಗೀತದ ಲೆಕ್ಕದಲ್ಲಿ ದೊಡ್ಡದು. ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರು ಅವರ ಶಿಷ್ಯರು.

ಸಂಜೆ ಕಛೇರಿಗೆ ಇಪ್ಪತ್ತು ನಿಮಿಷ ಮುಂಚೆ ಹೋಗಿ. ಬಯಲು ಚಪ್ಪರದಲ್ಲಿ ಮುಂದಿನ ಸಾಲಿನ ತುದಿ ಕುರ್ಚಿಗಳು ಖಾಲಿ ಇರುತ್ತವೆಂದು ಅಲ್ಲಿ ಕೂತರೆ ಕಿವಿ ನೇರ ಧ್ವನಿಪೆಟ್ಟಿಗೆಯ ಎದುರಿಗೆ ಬೀಳುತ್ತದೆ. ಮೃದಂಗದ ಪೆಟ್ಟು ಮಾತ್ರ ಕೇಳಿ ತಂಬೂರಿ ಮುಳುಗಿಹೋಗುತ್ತದೆ. ಮೈಕ್ ಹದ ಮಾಡುವವರು ಕೂತಿರುವ ಮೇಜಿನ ಮುಂದಿನ ಒಂದೆರಡು ಸಾಲು ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಅವರು ಹದ ಮಾಡುವುದು ತಮ್ಮ ಕಿವಿಗೆ ಕೇಳಿಸಿದಂತೆ. ಕಛೇರಿ ಎರಡೂವರೆ ಗಂಟೆಯಾದರೂ ನಡೆಯುತ್ತದೆ. ವರ್ಣದಿಂದ ಶುರುವಾಗಿ ಕೃತಿಗಳು, ನಡುವೆ ವಿಸ್ತಾರವಾದ ಪ್ರಧಾನ ಕೃತಿ ಅಥವಾ ರಾಗ ತಾನ ಪಲ್ಲವಿ, ಅದರ ಬೆನ್ನಿಗೆ ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ, ಕೊನೆಗೆ ದೇವರನಾಮ, ಮಂಗಳ. ತನಿ ಶುರುವಾಯಿತೆಂದರೆ ಕಾಫಿಗೆ ಏಳುವ ಚಾಳಿ ಹಲವರಿಗಿದೆ. ಪಕ್ಕವಾದ್ಯದವರು ಸಂಜೆಯಿಡೀ ಕಾದಿರುವುದು ಆ ಹತ್ತು ಹದಿನೈದು ನಿಮಿಷಕ್ಕೆ, ದಯವಿಟ್ಟು ಕೂತಿರಿ. ಬೇಗ ಹೊರಡಲೇಬೇಕಾದರೆ ತನಿ ಮುಗಿದ ಚಪ್ಪಾಳೆಯಲ್ಲಿ ಏಳುವುದು ಮರ್ಯಾದೆ. ಚೌತಿಯಿಂದ ದಸರೆಯವರೆಗೆ ಸಂಜೆ ಮಳೆ ಯಾವಾಗ ಬೇಕಾದರೂ ಬರಬಹುದು, ಕೊಡೆ ಇರಲಿ. ಒಂಬತ್ತರ ಮೇಲೆ ಊಟದ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಐದೂವರೆಗೇ ಒಂದು ದೋಸೆ ತಿಂದು ಕೂತರೆ ಮಂಗಳದವರೆಗೂ ನೆಮ್ಮದಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅರಮನೆಯ ಬಾಗಿಲು ತೆರೆಯುತ್ತದೆ. ದಕ್ಷಿಣದ ವರಾಹ ದ್ವಾರದ ಬಳಿ ಒಂಬತ್ತೂಮುಕ್ಕಾಲಿಗೇ ಇರಿ. ಹನ್ನೊಂದರ ಮೇಲೆ ಶಾಲಾ ಪ್ರವಾಸದ ಬಸ್ಸುಗಳೂ ಸೇರಿ ಸಾಲು ಬೆಳೆಯುತ್ತದೆ. ಅರಮನೆಯ ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲು ನೇರವಾಗಿ ಮುಂಭಾಗದ ಮೇಲೆ ಬೀಳುತ್ತದೆ. ಫೋಟೋ ಬೇಕಾದವರು ಒಳಹೋಗುವ ಮೊದಲೇ ತೆಗೆದುಕೊಳ್ಳಬೇಕು. ಮಧ್ಯಾಹ್ನದ ಮೇಲೆ ಸೂರ್ಯ ಕಟ್ಟಡದ ಬೆನ್ನಿಗೆ ಹೋಗುತ್ತಾನೆ. ಚಪ್ಪಲಿ ಹೊರಗೆ ಬಿಡಬೇಕು.

ಒಳಗೆ ಎಲ್ಲರೂ ಮೈಮರೆಯುವುದು ಕಲ್ಯಾಣ ಮಂಟಪದಲ್ಲಿ, ಅದು ಸರಿಯೇ. ಆದರೆ ಅಲ್ಲಿ ಕಬ್ಬಿಣದ ಕಂಬಗಳು ಯಾಕಿವೆ ಎಂದು ಕೇಳಿಕೊಂಡರೆ ಇಡೀ ಅರಮನೆ ಅರ್ಥವಾಗುತ್ತದೆ. ಇಲ್ಲಿದ್ದ ಹಳೆಯ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅದೇ ವರ್ಷ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸದರ ಕೆಲಸ ಒಪ್ಪಿಸಿದರು. 1912ಕ್ಕೆ ಮುಗಿಯಿತು, ಖರ್ಚು ಸುಮಾರು 42 ಲಕ್ಷ ರೂಪಾಯಿ. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಎಂಟು ಮೂಲೆಯ ಈ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು, ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿಯೂ ಅಲ್ಲಿಂದಲೇ. ಬಿಸಿಲು ನೆತ್ತಿಗೇರುತ್ತಿದ್ದಂತೆ ಗಾಜಿನ ಬಣ್ಣ ಗಾಢವಾಗುತ್ತದೆ, ಹಾಗಾಗಿ ಮೋಡವಿಲ್ಲದ ದಿನವಾದರೆ ಇನ್ನೊಂದು ಹತ್ತು ನಿಮಿಷ ಹೆಚ್ಚು ನಿಲ್ಲಿ. ಮಂಟಪದ ಸುತ್ತಲ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. ಜನ ಮೇಲೆ ನೋಡುತ್ತ ಇವನ್ನು ದಾಟಿಬಿಡುತ್ತಾರೆ. ಹಿಂದಿನ ದಿನ ನಡೆದ ಬೀದಿಗಳನ್ನೇ ಅಂಬಾರಿಯ ಹಿಂದೆ ಹುಡುಕಿಕೊಂಡು ನೋಡಬಹುದಾದ ಚಿತ್ರಗಳು ಇವು.

ಬೆಂಕಿಯ ನಂತರ ರಾಜಮನೆತನ ಹದಿನೈದು ವರ್ಷ ಇದ್ದದ್ದು ಜಗನ್ಮೋಹನ ಅರಮನೆಯಲ್ಲಿ. ಹಾಗಾಗಿ ಅಲ್ಲಿಗೇ ಮುಂದಿನ ಹೆಜ್ಜೆ, ನಡೆದರೆ ಹತ್ತು ನಿಮಿಷ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. ನಾಲ್ವಡಿಯವರು 1902ರಲ್ಲಿ ಪೂರ್ಣ ಅಧಿಕಾರ ವಹಿಸಿಕೊಂಡದ್ದು ಇಲ್ಲೇ. ಸಭಾಂಗಣ ಆಮೇಲೆ ಕಛೇರಿಗಳ ತಾಣವಾಯಿತು, ಹಿಂದಿನ ಭಾಗ 1915ರಿಂದ ಚಿತ್ರಶಾಲೆ. ನೆಲಮಹಡಿಯ ಫ್ರೆಂಚ್ ಗಡಿಯಾರದಲ್ಲಿ ಗಂಟೆಗೊಮ್ಮೆ ಪುಟ್ಟ ಸೈನಿಕರು ಕವಾಯತು ಹೊರಡುತ್ತಾರೆ. ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ರವಿವರ್ಮನದೆಂದು ತಿಳಿದವರು ಬಹಳ. ಅದು ಜಲವರ್ಣ, ಬೆರಳ ಸಂದಿಯಲ್ಲಿ ಕೆಂಪಗೆ ಸೋರುವ ಬೆಳಕನ್ನು ಕೋಣೆಯ ಕತ್ತಲಲ್ಲೇ ನೋಡಬೇಕು. ಮೇಲಿನ ಮಹಡಿಯ ವಾದ್ಯಗಳನ್ನು ಬಿಡಬೇಡಿ.

ಮಧ್ಯಾಹ್ನ ಒಂದನ್ನೇ ಆರಿಸಿಕೊಳ್ಳಿ. ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿರುವ 1905ರ ಜಯಲಕ್ಷ್ಮಿ ವಿಲಾಸ ಅರಮನೆ, ಅಥವಾ 1933ರಲ್ಲಿ ಅಡಿಗಲ್ಲು ಬಿದ್ದ, 175 ಅಡಿಯ ಜೋಡಿ ಗೋಪುರಗಳ ಸಂತ ಫಿಲೋಮಿನಾ ಚರ್ಚು. ಎರಡೂ ಎಂದು ಹೊರಟರೆ ಊರಿನ ಎರಡು ದಿಕ್ಕಿಗೆ ಓಡಿ, ದೀಪದ ಹೊತ್ತಿಗೆ ಸುಸ್ತಾಗಿರುತ್ತೀರಿ.

ದೀಪಕ್ಕೆ ಆರೂವರೆಗೆ ಅರಮನೆಯ ಅಂಗಳದಲ್ಲಿರಿ, ಟಿಕೆಟ್ ಬೇಕಿಲ್ಲ. ಜೂನಿನಲ್ಲಿ ಮೈಸೂರಿನ ಸೂರ್ಯಾಸ್ತ ಸುಮಾರು 6.50ಕ್ಕೆ, ಡಿಸೆಂಬರಿನಲ್ಲಿ 6ರ ಆಸುಪಾಸು. ಹಾಗಾಗಿ ಮೇ, ಜೂನ್, ಜುಲೈಯಲ್ಲಿ ಮಳೆ ಬಿಡುವು ಕೊಟ್ಟರೆ ಹಳದಿ ದೀಪದ ಹಿಂದೆ ಇನ್ನೂ ನೀಲಿ ಆಕಾಶ ಸಿಗುತ್ತದೆ. ಡಿಸೆಂಬರಿನಲ್ಲಿ ಪೂರ್ತಿ ಕಪ್ಪು. ಮೊಬೈಲಿನಲ್ಲಿ ತೆಗೆಯುವಾಗ ಬೆಳಕನ್ನು ಕೈಯಾರೆ ಇಳಿಸದಿದ್ದರೆ ಬಲ್ಬುಗಳೆಲ್ಲ ಕರಗಿ ಒಂದೇ ಹಳದಿ ಮುದ್ದೆಯಾಗುತ್ತವೆ. ಏಳಕ್ಕೆ ಎಲ್ಲವೂ ಒಟ್ಟಿಗೆ ಹೊತ್ತಿಕೊಂಡಾಗ ಅಂಗಳದ ಜನರೆಲ್ಲ ಒಂದೇ ಉಸಿರಿಗೆ ‘ಓ’ ಎನ್ನುತ್ತಾರೆ. ಆ ಕ್ಷಣದಲ್ಲಿ ಕಣ್ಣು ಮೊಬೈಲಿನ ಮೇಲಿರದಿದ್ದರೆ ಚೆಂದ, ಫೋಟೋಕ್ಕೆ ಇನ್ನೂ ನಲವತ್ತೈದು ನಿಮಿಷ ಇದೆ.

ಸೋಮವಾರ ಬೆಂಗಳೂರಿನ ದಾರಿಯಲ್ಲೇ ಶ್ರೀರಂಗಪಟ್ಟಣ, ಮೈಸೂರಿನಿಂದ ಸುಮಾರು 15 ಕಿಲೋಮೀಟರ್. ಎಲ್ಲ ನೋಡಲು ಹೋಗದೆ ಟಿಪ್ಪು ಸುಲ್ತಾನನ 1784ರ ದರಿಯಾ ದೌಲತ್‌ಗೆ ಒಂದೂವರೆ ಗಂಟೆ ಕೊಡಿ. ತೇಗದ ಕಂಬಗಳ ಈ ಬೇಸಿಗೆ ಅರಮನೆಯನ್ನು ದೂರದಿಂದ ಕಂಡವರಿಗೆ ಹಸಿರು ಪರದೆಗಳಷ್ಟೇ ಕಾಣುತ್ತವೆ. ಗೋಡೆಯ ಬಣ್ಣಕ್ಕೆ ಬಿಸಿಲು ತಾಗದಿರಲೆಂದು ಇಳಿಬಿಟ್ಟವು ಅವು. ಒಳಗೆ ಕಾಲಿಟ್ಟು ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬಿಟ್ಟು, ಪಶ್ಚಿಮದ ಗೋಡೆಗೆ ಹೋಗಿ. ಹೈದರ್ ಮತ್ತು ಟಿಪ್ಪುವಿನ ಸೇನೆ ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಅಲ್ಲಿದೆ: ನಾಲ್ಕೂ ಕಡೆಯಿಂದ ಮುತ್ತಿದ ಕುದುರೆ ದಂಡು, ನಡುವೆ ಚೌಕವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಅವರ ದಂಡನಾಯಕ ಕರ್ನಲ್ ಬೇಲಿ, ಅವರ ಹಿಂದೆ ಆಗ ತಾನೇ ಸಿಡಿಯುತ್ತಿರುವ ಮದ್ದಿನ ಬಂಡಿ.