ರೆಫರ್ ಮಾಡಿದ ಪೇಷಂಟ್ ಏನಾದ?

ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ನಮ್ಮ ಓಪಿಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬಿಪಿ ತೋರಿಸಲು ಬಂದ ಅಪ್ಪ ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡು, "ಮೇಡಂ, ಮಗಳಿಗೆ ಮೆಡಿಕಲ್ ಓದಿಸ್ಲಾ? ನಿಮಗೆ ಈ ಕೆಲಸ ತೃಪ್ತಿ ಕೊಟ್ಟಿದೆಯಾ?" ಅಂತ ಕೇಳುತ್ತಾರೆ. ಹಿಂದೆ ಸಾಲು ಬಾಗಿಲು ದಾಟಿರುತ್ತದೆ. ಅಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವಳು. ಭದ್ರಾ ಅಚ್ಚುಕಟ್ಟಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಶಿಯನ್.

"ಬೇರೆ ಏನಾದ್ರೂ ಮಾಡ್ಬೇಕಿತ್ತು" ಅನ್ನುವ ಮಾತು ಡಾಕ್ಟರುಗಳ ಡ್ಯೂಟಿ ರೂಮಿನಲ್ಲಿ ಹೊಸದಲ್ಲ. ಕಾರಣಗಳೂ ಸುಳ್ಳಲ್ಲ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಪಿಜಿ ಮೂರು ವರ್ಷ, ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಇನ್ನೂ ಮೂರು. ನಡುವೆ ನೀಟ್‌ಗೆ ಕೂತು ಕಳೆದ ವರ್ಷಗಳು ಬೇರೆ. ಜೊತೆಗೆ ಓದಿದ ಎಂಜಿನಿಯರ್ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆಯುವಾಗ ನಾವು ಇನ್ನೂ ಹಾಸ್ಟೆಲ್‌ನಲ್ಲಿ ಇರುತ್ತೇವೆ.

ಕೆಲಸದ ಹೊತ್ತಿನ ವಿಷಯವೂ ಹಾಗೇ. ರೆಸಿಡೆಂಟ್ ಡಾಕ್ಟರುಗಳ, ಅಂದರೆ ಪಿಜಿ ಓದುತ್ತಾ ಆಸ್ಪತ್ರೆಯಲ್ಲಿ ದುಡಿಯುವವರ ಕೆಲಸ ವಾರಕ್ಕೆ 48 ಗಂಟೆ ದಾಟಬಾರದು ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು. ಆ 74 ನೋಡಿ "ಅಷ್ಟಾದ್ರೂ ಜಾರಿಗೆ ಬಂದ್ರೆ ಸಾಕಪ್ಪ" ಅಂದವರು ನನ್ನ ಜೊತೆಯವರಲ್ಲೇ ಇದ್ದಾರೆ. ಇನ್ನು ಡಾಕ್ಟರು, ನರ್ಸ್‌ಗಳ ಮೇಲಿನ ಹಲ್ಲೆ. ನಮ್ಮ ರಾಜ್ಯದಲ್ಲಿ 2009ರಿಂದ ಇದಕ್ಕೆ ಕಾನೂನು ಇದೆ. ಆದರೂ ರಾತ್ರಿ ಡ್ಯೂಟಿಯಲ್ಲಿ ಹೊರಗೆ ಗಲಾಟೆ ಜೋರಾದರೆ ನಮ್ಮ ನರ್ಸ್‌ಗಳು ಮೊದಲು ನೋಡುವುದು ಹಿಂಬಾಗಿಲು ತೆರೆದಿದೆಯಾ ಅಂತ. ಈ ಬೇಸರವನ್ನು ಡಾಕ್ಟರುಗಳ ಮನಸ್ಸು ಗಟ್ಟಿಯಿಲ್ಲ ಎಂದು ತಳ್ಳಿಹಾಕಬಾರದು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಿಂದ ಪೂರ್ತಿ ಬಳಲಿ ಬೇಸತ್ತು ಹೋಗುವುದನ್ನು, ಕೆಲಸದ ಜಾಗದಿಂದ ಬರುವ ಸ್ಥಿತಿ ಎಂದೇ ಪಟ್ಟಿ ಮಾಡಿತು, ರೋಗ ಎಂದಲ್ಲ.

ಆದರೆ ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ಅದೇ ಸಂಬಳ, ಅದೇ ಡ್ಯೂಟಿ, ಅದೇ ಗಲಾಟೆ. ಒಬ್ಬರು ಈ ಕೆಲಸ ಬಿಟ್ಟು ಬೇರೆ ಬೇಡ ಅನ್ನುತ್ತಾರೆ, ಇನ್ನೊಬ್ಬರು ಪಶ್ಚಾತ್ತಾಪ ಪಡುತ್ತಾರೆ. ವ್ಯತ್ಯಾಸ ಎಲ್ಲಿದೆ? ನಾನು ಕಂಡಂತೆ, ಪೇಷಂಟ್ ಕೊನೆಗೆ ಏನಾದ ಅನ್ನುವುದು ಗೊತ್ತಾಗುವವರು ಬಾಳಿಕೆ ಬರುತ್ತಾರೆ.

ನಮ್ಮ ಕಡೆ ನಾಲೆಗೆ ನೀರು ಬಿಟ್ಟು ಗದ್ದೆ ಕೆಲಸ ಶುರುವಾದರೆ ಹಾವು ಕಡಿತದ ಕೇಸು ಜಾಸ್ತಿ. ಗದ್ದೆಯಿಂದ ನೇರ ಕರೆತರುತ್ತಾರೆ. ಕಾಲಲ್ಲಿ ಇನ್ನೂ ಕೆಸರು ಇರುತ್ತದೆ, ಮೊಣಕಾಲ ಕೆಳಗೆ ಬಿಗಿದು ಕಟ್ಟಿದ ಟವೆಲ್. ಕೊಳಕುಮಂಡಲ ಕಚ್ಚಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ನೀರಿನಂತೆ ಹರಿದರೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಶುರು. 10 ವಯಲ್ ಸಲೈನ್‌ಗೆ ಸೇರಿಸಿ ಡ್ರಿಪ್ ಹಾಕಿ, ಮೈ ದದ್ದರಿಸೀತು, ಬಿಪಿ ಬಿದ್ದೀತು ಎಂದು ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲೇ ನಿಲ್ಲಬೇಕು. ಆರು ಗಂಟೆ ಬಿಟ್ಟು ಮತ್ತೆ ಅದೇ ಟೆಸ್ಟ್. ಈ ಸಲ ಟ್ಯೂಬ್ ವಾಲಿಸಿದಾಗ ರಕ್ತ ತಳದಲ್ಲಿ ಗಟ್ಟಿಯಾಗಿ ನಿಂತರೆ ವಾರ್ಡಿನಲ್ಲಿರುವ ಎಲ್ಲರಿಗೂ ಜೀವ ಬಂದ ಹಾಗೆ. ಅಟೆಂಡರ್ ಕೂಡ ಬಂದು ಟ್ಯೂಬ್ ನೋಡಿ ಹೋಗುತ್ತಾರೆ. ಅಂಥ ರಾತ್ರಿ ಕಳೆದು ಬೆಳಿಗ್ಗೆ ಮನೆಗೆ ಹೋಗುವಾಗ ನಿದ್ದೆ ಇಲ್ಲದಿದ್ದರೂ ಬೇಸರ ಇರುವುದಿಲ್ಲ.

ಅದೇ ಪೇಷಂಟಿಗೆ ಮಧ್ಯರಾತ್ರಿ ಮೂತ್ರ ಕಡಿಮೆಯಾಯಿತು ಅನ್ನಿ. ಕಿಡ್ನಿಗೆ ಪೆಟ್ಟು ಬಿದ್ದಿದೆ, ಡಯಾಲಿಸಿಸ್ ಬೇಕಾಗಬಹುದು. ರೆಫರಲ್ ಚೀಟಿ ಬರೆದು 108 ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೇವೆ. ಅಲ್ಲಿಗೆ ನಮ್ಮ ಪಾಲಿಗೆ ಆ ಮನುಷ್ಯ ಕಾಣೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಕರ್ನಾಟಕ 2024ರಲ್ಲಿ ಅಧಿಸೂಚನೆ ಹೊರಡಿಸಿದ್ದು ಒಳ್ಳೆಯ ಕೆಲಸ. ಲೆಕ್ಕ ಮೇಲಕ್ಕೆ ಹೋಗುತ್ತದೆ. ಪೇಷಂಟಿನ ಸುದ್ದಿ ಕೆಳಕ್ಕೆ ಬರುವ ದಾರಿ ಮಾತ್ರ ನಮ್ಮಲ್ಲಿ ಇರಲಿಲ್ಲ. ಕ್ಯಾಶುವಾಲಿಟಿಯಲ್ಲಿ ಇರುವ ಹುಡುಗ ಹುಡುಗಿಯರು ಕೀಟನಾಶಕ ಕುಡಿದವರು, ಬೈಕ್ ಆಕ್ಸಿಡೆಂಟ್, ಹಾರ್ಟ್ ಅಟ್ಯಾಕ್ ಎಲ್ಲರನ್ನೂ ಹೀಗೇ ಕಳಿಸುತ್ತಿರುತ್ತಾರೆ. ಕಷ್ಟದ ಭಾಗ ಪೂರ್ತಿ ಅವರದ್ದು, ಒಳ್ಳೆಯ ಸುದ್ದಿ ಬೇರೆಯವರಿಗೆ. ಎಷ್ಟು ದಿನ ತಡೆದಾರು?

ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯಲ್ಲಿದ್ದ ಟೈಟ್ ಶಾನಫೆಲ್ಟ್ ಎಂಬ ಡಾಕ್ಟರ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಗೆ ತುಂಬಾ ಮುಖ್ಯ ಅನ್ನಿಸುವ ಕೆಲಸಕ್ಕೆ ನೂರಕ್ಕೆ 20ರಷ್ಟು, ಅಂದರೆ ವಾರಕ್ಕೆ ಒಂದು ದಿನದಷ್ಟು ಹೊತ್ತು ಸಿಗುವ ಡಾಕ್ಟರುಗಳಲ್ಲಿ ಬರ್ನ್‌ಔಟ್ ಸುಮಾರು 30 ಪರ್ಸೆಂಟ್ ಇತ್ತು. ಅಷ್ಟು ಸಿಗದವರಲ್ಲಿ ಸುಮಾರು 54. ಅವರ ಆಸ್ಪತ್ರೆಗೂ ನಮ್ಮದಕ್ಕೂ ಅಜಗಜಾಂತರ. ಆದರೂ ಆ ಒಂದು ದಿನದ ಮಾತು ನನಗೆ ನಿಜ ಅನ್ನಿಸಿತು. ನನಗೆ ಆ ದಿನ ಎನ್‌ಸಿಡಿ, ಅಂದರೆ ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ ಕ್ಲಿನಿಕ್. ಬಿಪಿ, ಶುಗರ್‌ನವರು ಅವೇ ಮುಖ, ಅದೇ ಪುಸ್ತಕ ಹಿಡಿದು ಬರುತ್ತಾರೆ. ಬೆರಳು ಹೋಗುತ್ತದೆ ಅಂದುಕೊಂಡಿದ್ದ ಕಾಲಿನ ಹುಣ್ಣು ಮಾಗಿದ್ದನ್ನು ಚಪ್ಪಲಿ ಬಿಚ್ಚಿ ತೋರಿಸುತ್ತಾರೆ. ಆಡಳಿತದವರು ಆ ದಿನ ಮೀಟಿಂಗ್ ಇಟ್ಟರೆ ನಾನು ಒಪ್ಪುವುದಿಲ್ಲ, ಜಗಳಕ್ಕೂ ನಿಲ್ಲುತ್ತೇನೆ.

ಕ್ಯಾಶುವಾಲಿಟಿಗೆ ಅಂತ ಒಂದು ರೆಫರ್ ಪುಸ್ತಕ ಶುರು ಮಾಡಿದೆವು. ಹೆಸರು, ಮನೆಯವರ ನಂಬರ್, ಕಳಿಸಿದ ಜಾಗ, ಕೊನೆಯ ಕಾಲಂ "ಏನಾಯ್ತು". ಕೆಲವು ದಿನ ಬಿಟ್ಟು ಸ್ಟಾಫ್ ನರ್ಸ್ ಇಲ್ಲವೇ ಡ್ಯೂಟಿ ಡಾಕ್ಟರ್ ಫೋನ್ ಮಾಡುತ್ತಾರೆ. ಎಲ್ಲ ಸುದ್ದಿಯೂ ಒಳ್ಳೆಯದಲ್ಲ. "ದಾರೀಲೇ ಹೋಗ್ಬಿಟ್ರು ಮೇಡಂ" ಅಂದದ್ದೂ ಇದೆ. ಆದರೆ ಸಾವಿನ ಸುದ್ದಿ ಬಂದ ದಿನ ಕೂತು ಮಾತಾಡುತ್ತೇವೆ, ಮುಂದಿನ ಸಲ ಏನು ಬೇಗ ಮಾಡಬಹುದು ಎಂದು ನೋಡುತ್ತೇವೆ. ಗೊತ್ತೇ ಆಗದಿದ್ದರೆ ಅದಕ್ಕೂ ದಾರಿ ಇಲ್ಲ. ಕಡ್ಡಾಯ ಗ್ರಾಮೀಣ ಸೇವೆಗೆ ಬಂದಿದ್ದ ಒಬ್ಬ ಹುಡುಗ ಬೆಳಿಗ್ಗೆ ಬಂದು ಮೊದಲು ಆ ಪುಸ್ತಕವನ್ನೇ ತೆಗೆಯುತ್ತಿದ್ದ. ಅವನು ಈಗಲೂ ಇಂಗ್ಲೆಂಡಿಗೆ ಹೋಗಲು ಓದುತ್ತಿದ್ದಾನೆ. ಹೋಗಲಿ. ಸಂಬಳ, ಹೊತ್ತು, ರಕ್ಷಣೆ ಇವನ್ನು ಒಂದು ಪುಸ್ತಕ ಸರಿ ಮಾಡುವುದಿಲ್ಲ, ಅವು ಸರ್ಕಾರ ಮಾಡಬೇಕಾದ ಕೆಲಸ.

ಮಗಳನ್ನು ಓದಿಸಬೇಕು ಅನ್ನುವ ಅಪ್ಪನಿಗೆ ನನ್ನ ಉತ್ತರ ಇಷ್ಟು. ಅವಳಿಗೇ ಇಷ್ಟ ಇದ್ದು, ಸರ್ಕಾರಿ ಸೀಟು ಸಿಕ್ಕರೆ ಖಂಡಿತ ಓದಿಸಿ. ಜಮೀನು ಮಾರಿ ಸೀಟು ಕೊಡಿಸಬೇಡಿ. ಸಾಲ ಇದ್ದರೆ ಎಲ್ಲಿ ಕೆಲಸ ಮಾಡಬೇಕು, ಯಾವ ಬ್ರಾಂಚ್ ತಗೋಬೇಕು ಎಂಬುದನ್ನು ಸಾಲವೇ ಹೇಳುತ್ತದೆ. ನಾನು ಕಂಡ ಪಶ್ಚಾತ್ತಾಪಗಳಲ್ಲಿ ತೀರಾ ಆಳವಾದವು ಅಲ್ಲಿಂದಲೇ ಬಂದಿವೆ.

ಹಳ್ಳಿಗೆ ಪೋಸ್ಟಿಂಗ್ ಆದ ಕಿರಿಯರಿಗೆ ಒಂದು ಮಾತು. ಅಲ್ಲಿಗೆ ಹೋದ ಮೊದಲ ವಾರವೇ ಆಶಾ ಕಾರ್ಯಕರ್ತೆಯರ ನಂಬರ್ ತಗೊಳ್ಳಿ. ನೀವು ಕಳಿಸಿದ ಪೇಷಂಟ್ ಮನೆಗೆ ಬಂದನಾ, ಊಟ ಮಾಡ್ತಿದ್ದಾನಾ ಅನ್ನುವುದು ಜಿಲ್ಲಾ ಆಸ್ಪತ್ರೆಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.