ಟೈಮ್‌ಲೈನ್ ಏಕೆ ಮುಗ್ಗರಿಸುತ್ತದೆ: ಎಡಿಟಿಂಗ್ ಕಂಪ್ಯೂಟರ್ ಜೋಡಣೆ, ದೋಷ ಪತ್ತೆ

ವಿಡಿಯೋ ಎಡಿಟಿಂಗ್‌ನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ತಡವರಿಸತೊಡಗಿದರೆ ಬಹುತೇಕರ ಕಣ್ಣು ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಇನ್ನೂ ದೊಡ್ಡ ಕಾರ್ಡ್ ತಂದು ಹಾಕುತ್ತಾರೆ, ಅದೇ ಕ್ಲಿಪ್ ಮತ್ತೆ ಅಲ್ಲೇ ಮುಗ್ಗರಿಸುತ್ತದೆ. ಎಷ್ಟೋ ಸಲ ತೊಡಕಿರುವುದು ಎಫೆಕ್ಟ್‌ಗಳ ಲೆಕ್ಕದಲ್ಲಲ್ಲ, ಕ್ಯಾಮೆರಾ ಫೈಲನ್ನು ಬಿಡಿಸುವಲ್ಲಿ, ಅಂದರೆ ಡಿಕೋಡ್‌ನಲ್ಲಿ. ಹಾಗಾಗಿ ಹೊಸ ಕಂಪ್ಯೂಟರಿಗೆ ಬಿಡಿಭಾಗ ಹುಡುಕುವವರೂ ಹಳೆಯದನ್ನು ಸರಿಮಾಡ ಹೊರಟವರೂ ಮೊದಲು ಫೂಟೇಜ್ ನೋಡಬೇಕು.

ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದು ಕ್ಲಿಪ್ ತೆರೆದು, ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಆರಿಸಿಕೊಳ್ಳಿ. ಉದ್ದದ ಪಟ್ಟಿಯಲ್ಲಿ ನಾಲ್ಕು ಸಾಲು ಸಾಕು: ಫಾರ್ಮ್ಯಾಟ್, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿ ಎಷ್ಟು ಉಳಿದಿದೆ ಎಂಬುದು, 4:2:0, 4:2:2 ಎಂಬಂತೆ), ಬಿಟ್ ಡೆಪ್ತ್ (ಬಣ್ಣದ ಮೆಟ್ಟಿಲುಗಳು ಎಷ್ಟು ಸೂಕ್ಷ್ಮ ಎಂಬುದು), ಫ್ರೇಮ್ ರೇಟ್ ಮೋಡ್. ಎಚ್.264 (ಎವಿಸಿ), ಎಚ್.265 (ಎಚ್‌ಇವಿಸಿ) ಫಾರ್ಮ್ಯಾಟಿನ ಫೈಲುಗಳಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮೂ ಪೂರ್ತಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಫ್ರೇಮ್ ಇದ್ದು, ನಡುವಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆದಿರುತ್ತದೆ. ನೀವು ಪ್ಲೇಹೆಡ್ಡನ್ನು (ಟೈಮ್‌ಲೈನ್ ಮೇಲೆ ಓಡುವ ಗುರುತು ಗೆರೆ) ಹಿಂದಕ್ಕೆಳೆದಾಗ ಆ ಒಂದು ಫ್ರೇಮ್ ತೋರಿಸಲು ಅದರ ಹಿಂದಿನ ಪೂರ್ತಿ ಫ್ರೇಮಿನಿಂದ ಎಲ್ಲವನ್ನೂ ಬಿಡಿಸುತ್ತಾ ಬರಬೇಕು. ಈ ಕೆಲಸಕ್ಕೆ ಮೀಸಲಾದ ಸರ್ಕ್ಯೂಟ್ ಚಿಪ್‌ನಲ್ಲಿದ್ದರೆ ಸಲೀಸು, ಇಲ್ಲದಿದ್ದರೆ ಪೂರಾ ಹೊರೆ ಪ್ರೊಸೆಸರ್ ಮೇಲೆ.

ಇಲ್ಲಿ 4:2:2 ಎಂಬ ಮೂರು ಅಂಕಿಗಳ ಮಹಿಮೆ ದೊಡ್ಡದು. ಎಚ್.265ರ 10 ಬಿಟ್ 4:2:2 ಫೈಲನ್ನು 11ನೇ ತಲೆಮಾರು ಮತ್ತು ಈಚಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸೇ ಬಿಡಿಸುತ್ತದೆ. ಆಪಲ್‌ನ ಎಂ ಸರಣಿಯ ಚಿಪ್‌ಗಳೂ ಬಿಡಿಸುತ್ತವೆ. ಎನ್‌ವಿಡಿಯಾದಲ್ಲಿ ಈ ಸೌಲಭ್ಯ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಹಿಂದಿನ ಕಾರ್ಡ್ ಎಷ್ಟೇ ದುಬಾರಿಯದಾದರೂ ಈ ಫೈಲಿನ ಮುಂದೆ ಕೈಚೆಲ್ಲುತ್ತದೆ. ಇಂಥ ಫೂಟೇಜೇ ಬರುವುದಾದರೆ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಕೊಳ್ಳಬೇಡಿ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಇರುವ ಪ್ರೊಸೆಸರ್ ಕೊಂಡರೂ ಇನ್ನೊಂದು ತೊಡಕುಂಟು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದೊಡನೆ ಹಲವು ಮದರ್‌ಬೋರ್ಡ್‌ಗಳು ಒಳಗಿನದನ್ನು ತಾವಾಗಿಯೇ ಆಫ್ ಮಾಡಿಬಿಡುತ್ತವೆ. ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಅಥವಾ ಅದೇ ಅರ್ಥದ ಆಯ್ಕೆಯನ್ನು ಆನ್ ಮಾಡಿ, ಇಂಟೆಲ್‌ನ ಗ್ರಾಫಿಕ್ಸ್ ಡ್ರೈವರ್ ಹಾಕಿ, ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿದೆಯೇ ನೋಡಿ.

ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಆರಿಸಿ, ಒಂದು ಗ್ರಾಫನ್ನು ವಿಡಿಯೋ ಡಿಕೋಡ್‌ಗೆ ಬದಲಿಸಿ, ಎಫೆಕ್ಟ್ ಇಲ್ಲದ ಒಂದೇ ಕ್ಲಿಪ್ ಪ್ಲೇ ಮಾಡಿ. ಎರಡು ಜಿಪಿಯು ಇದ್ದರೆ ಎರಡನ್ನೂ ನೋಡಬೇಕು. ಡಿಕೋಡ್ ಗೆರೆ ನೆಲಕಚ್ಚಿದ್ದು ಸಿಪಿಯು ನೂರರ ಹತ್ತಿರ ಇದ್ದರೆ ಹಾರ್ಡ್‌ವೇರ್ ಡಿಕೋಡ್ ನಡೆಯುತ್ತಿಲ್ಲ. ಸಿಪಿಯು, ಜಿಪಿಯು ಎರಡೂ ಆರಾಮಾಗಿದ್ದು ಡಿಸ್ಕ್ ಮಾತ್ರ 100% ಇದ್ದರೆ ಸಮಸ್ಯೆ ಸ್ಟೋರೇಜಿನದು. ಕ್ಲಿಪ್ ಬರಿಯದಾಗಿ ಚೆನ್ನಾಗಿ ಓಡಿ, ಗ್ರೇಡಿಂಗ್ (ಬಣ್ಣ ತಿದ್ದುವುದು) ಅಥವಾ ನಾಯ್ಸ್ ರಿಡಕ್ಷನ್ ಹಾಕಿದ ಮೇಲೆ ನಿಂತರೆ ಆಗ ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸಿ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಅದನ್ನು ಮಾಡದೆ ಯಾವ ಭಾಗಕ್ಕೂ ದುಡ್ಡು ಸುರಿಯಬೇಡಿ.

ಹಾರ್ಡ್‌ವೇರ್ ಬದಲಿಸಲಾಗದಿದ್ದರೆ ಪ್ರಾಕ್ಸಿ, ಅಂದರೆ ಎಡಿಟಿಂಗಿಗಷ್ಟೇ ಬಳಸುವ ಹಗುರ ನಕಲು, ಮಾಡಿಕೊಳ್ಳಿ. ಅರ್ಧ ರೆಸಲ್ಯೂಶನ್‌ನ ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಎಂಬ ಫಾರ್ಮ್ಯಾಟ್ ಸಾಕು. ಫ್ರೇಮ್ ರೇಟ್, ಟೈಮ್‌ಕೋಡ್, ಆಡಿಯೋ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರಲಿ, ಇಲ್ಲವಾದರೆ ಪ್ರಾಕ್ಸಿ ಮೂಲಕ್ಕೆ ಅಂಟಿಕೊಳ್ಳುವುದಿಲ್ಲ. ನಾಲ್ಕನೆಯ ಸಾಲಾದ ಫ್ರೇಮ್ ರೇಟ್ ಮೋಡ್‌ನಲ್ಲಿ ‘ವೇರಿಯಬಲ್’ ಎಂದಿದ್ದರೆ (ಮೊಬೈಲ್ ಮತ್ತು ಸ್ಕ್ರೀನ್ ರೆಕಾರ್ಡಿಂಗ್‌ಗಳಲ್ಲಿ ಇದು ಸಾಮಾನ್ಯ) ಹೊತ್ತು ಹೋದಂತೆ ತುಟಿಗೂ ಮಾತಿಗೂ ಅಂತರ ಬೀಳಬಹುದು. ಟೈಮ್‌ಲೈನ್‌ನಲ್ಲಿ ಆಡಿಯೋ ಎಳೆದು ಕೂರಿಸುವ ಸಾಹಸ ಬೇಡ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾನ್ಸ್ಟಂಟ್ ಫ್ರೇಮ್ ರೇಟ್ ಆರಿಸಿ ಫೈಲನ್ನು ಮೊದಲೇ ಪರಿವರ್ತಿಸಿಕೊಳ್ಳಿ.

ಇನ್ನು ಸ್ಟೋರೇಜ್. ಇಲ್ಲಿ ಲೆಕ್ಕ ಹಾಕಿಯೇ ಕೊಳ್ಳಬೇಕು. ಪ್ರೊರೆಸ್ 422 ಎಚ್‌ಕ್ಯು ಫಾರ್ಮ್ಯಾಟ್, ಯುಎಚ್‌ಡಿ (3840×2160), 29.97 ಫ್ರೇಮ್ ಎಂದರೆ ಸೆಕೆಂಡಿಗೆ 884 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸುಮಾರು 110 ಎಂಬಿ. ಒಂದು ಗಂಟೆಗೆ ಹತ್ತಿರಹತ್ತಿರ 400 ಜಿಬಿ. ನಾಲ್ಕು ಕ್ಯಾಮೆರಾಗಳನ್ನು ಮಲ್ಟಿಕ್ಯಾಮ್‌ನಲ್ಲಿ ಒಟ್ಟಿಗೆ ನೋಡಲು ಸೆಕೆಂಡಿಗೆ 440 ಎಂಬಿ ಬೇಕು. ತಿರುಗುವ ಒಂಟಿ ಹಾರ್ಡ್ ಡಿಸ್ಕ್ 200ರ ಆಸುಪಾಸಿನಲ್ಲೇ ಸೋಲುತ್ತದೆ, ಸಾಟಾ ಎಸ್‌ಎಸ್‌ಡಿ 550ರ ಅಂಚಿನಲ್ಲಿ ಹೇಗೋ ನಿಭಾಯಿಸುತ್ತದೆ. ಎನ್‌ವಿಎಂಇ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ಇದ್ದರೆ ಚಿಂತೆಯಿಲ್ಲ, ಆದರೆ ಕ್ಯೂಎಲ್‌ಸಿ (ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ) ಮಾದರಿಯದು ಬೇಡ. ಡಬ್ಬದ ಮೇಲಿನ ವೇಗ ಅದರ ಕ್ಯಾಶ್ (ಒಳಗಿನ ವೇಗದ ತಾತ್ಕಾಲಿಕ ಜಾಗ) ತುಂಬುವವರೆಗೆ ಮಾತ್ರ, ಆಮೇಲೆ ಬರೆಯುವ ವೇಗ ಕೆಲವೊಮ್ಮೆ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗಿಳಿಯುತ್ತದೆ. ಕ್ಯಾಮೆರಾದ ದೊಡ್ಡ ಮೆಮೊರಿ ಕಾರ್ಡ್ ಕಾಪಿ ಮಾಡುವಾಗ ಮೊದಲು ಓಡಿ ಆಮೇಲೆ ತೆವಳಿದರೆ ಕಾರಣ ಇದೇ, ಇಲ್ಲವೇ ಹೀಟ್‌ಸಿಂಕ್ ಇಲ್ಲದೆ ಡ್ರೈವ್ ಬಿಸಿಯಾಗಿರುವುದು.

ಆಪರೇಟಿಂಗ್ ಸಿಸ್ಟಂ ಒಂದು ಡ್ರೈವ್, ಫೂಟೇಜ್ ಒಂದು, ಎಡಿಟಿಂಗ್ ಸಾಫ್ಟ್‌ವೇರ್‌ನ ತಾತ್ಕಾಲಿಕ ಫೈಲುಗಳ ಕ್ಯಾಶ್ ಒಂದು. ಪ್ರೀಮಿಯರ್‌ನ ಮೀಡಿಯಾ ಕ್ಯಾಶ್ ನೀವು ಬದಲಿಸದಿದ್ದರೆ ಸಿ ಡ್ರೈವ್‌ನಲ್ಲೇ ಬೆಳೆಯುತ್ತಾ ಹೋಗುತ್ತದೆ. ಎನ್‌ವಿಎಂಇ ಕೂರಿಸುವ ಎಂ.2 ಸ್ಲಾಟ್‌ಗಳ ಬಗ್ಗೆ ಮದರ್‌ಬೋರ್ಡ್ ಮ್ಯಾನ್ಯುಯಲ್‌ನ ಪುಟ ಓದಲೇಬೇಕು: ಕೆಲವು ಬೋರ್ಡ್‌ಗಳಲ್ಲಿ ಒಂದು ನಿರ್ದಿಷ್ಟ ಸ್ಲಾಟ್ ತುಂಬಿದರೆ ಗ್ರಾಫಿಕ್ಸ್ ಕಾರ್ಡ್ 16 ಲೇನ್‌ಗಳಿಂದ (ಡೇಟಾ ಸಾಗುವ ಹಾದಿಗಳು) 8ಕ್ಕೆ ಇಳಿಯುತ್ತದೆ ಅಥವಾ ಎರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ಹೊರಗಿನ ಎಸ್‌ಎಸ್‌ಡಿ ಸೆಕೆಂಡಿಗೆ 40 ಎಂಬಿ ದಾಟದಿದ್ದರೆ ಮೊದಲು ಕೇಬಲ್ ಬದಲಿಸಿ; ಚಾರ್ಜಿಂಗಿಗೆಂದು ಬರುವ ಎಷ್ಟೋ ಟೈಪ್ ಸಿ ಕೇಬಲ್‌ಗಳ ಒಳಗೆ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ.

ರ‍್ಯಾಮ್ 64 ಜಿಬಿ ಬೇಕಿದ್ದರೆ 32ರ ಎರಡು ಸ್ಟಿಕ್ ತೆಗೆದುಕೊಳ್ಳಿ, 16ರ ನಾಲ್ಕು ಬೇಡ. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುತ್ತದೆ: ರೈಜನ್ 7000 ಸರಣಿಗೆ ಎಎಂಡಿ ಹೇಳುವ ವೇಗ ಎರಡು ಸ್ಟಿಕ್‌ಗೆ 5200 ಎಂಟಿ/ಸೆ (ಸೆಕೆಂಡಿಗೆ ಇಷ್ಟು ಮೆಗಾಟ್ರಾನ್ಸ್‌ಫರ್), ನಾಲ್ಕಕ್ಕೆ 3600. ಎರಡು ಸ್ಟಿಕ್ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್‌ಗೆಂದು (ಕಂಪ್ಯೂಟರ್ ರ‍್ಯಾಮ್‌ಗೆ ಹೊಂದಿಕೊಳ್ಳುವುದು) ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಗಾಬರಿಯಾಗಿ ಪವರ್ ಕೀಳಬೇಡಿ.

ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಂತು ಸಾಫ್ಟ್‌ವೇರ್ ಮುಚ್ಚಿಕೊಂಡರೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್‌ನಲ್ಲಿ ಆ ಸಮಯದ ಸಾಲು ಹುಡುಕಿ. ‘ಡಬ್ಲ್ಯುಎಚ್‌ಇಎ ಲಾಗರ್’ ಎಂದಿದ್ದರೆ ಅದು ಹಾರ್ಡ್‌ವೇರ್ ಕೊಟ್ಟ ದೂರು. ಬಯಾಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ‘ಡಿಸ್‌ಪ್ಲೇ 4101’ ಎಂದರೆ ಗ್ರಾಫಿಕ್ಸ್ ಡ್ರೈವರ್ ಕುಸಿದು ಎದ್ದಿದೆ. ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಬಳಸಿ ಹಳೆಯದನ್ನು ಪೂರ್ತಿ ತೆಗೆದು, ಎನ್‌ವಿಡಿಯಾ ಕಾರ್ಡಾದರೆ ಸ್ಟುಡಿಯೋ ಡ್ರೈವರ್ ಹಾಕಿ. ‘ಕರ್ನಲ್ ಪವರ್ 41’ ಮಾತ್ರ ಇದ್ದರೆ ಕಂಪ್ಯೂಟರ್ ಹೇಳದೆ ಕೇಳದೆ ಆರಿದೆ ಎಂದಷ್ಟೇ ಅರ್ಥ. ಪವರ್ ಸಪ್ಲೈ ನೋಡಿ, ಗ್ರಾಫಿಕ್ಸ್ ಕಾರ್ಡಿನ 16 ಪಿನ್ ಕನೆಕ್ಟರ್ ಸಂದು ಕಾಣದಂತೆ ಪೂರ್ತಿ ಕೂತಿದೆಯೇ ನೋಡಿ. ಅರೆಬರೆ ಕೂತ ಕನೆಕ್ಟರ್ ಬಿಸಿಯಾಗಿ ಕರಗಬಹುದು, ಇದರಲ್ಲಿ ಉದಾಸೀನ ಸಲ್ಲದು.

ಇಂಟೆಲ್ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರಿಗೆ ಒಂದು ಮುಖ್ಯ ಮಾತು. ಹೆಚ್ಚಿನ ವೋಲ್ಟೇಜ್‌ನಿಂದ ಇವುಗಳಲ್ಲಿ ಕೆಲವು ಕ್ರಮೇಣ ಅಸ್ಥಿರವಾಗುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ನಿಯಂತ್ರಣ ಕೋಡ್) ತಿದ್ದುಪಡಿ ಕೊಟ್ಟಿತು. ಅದು ಬರುವುದು ಬಯಾಸ್ ಅಪ್‌ಡೇಟ್ ಮೂಲಕ, ಕೂಡಲೇ ಹಾಕಿ. ಆದರೆ ಈಗಾಗಲೇ ಹಾಳಾದ ಚಿಪ್ ಇದರಿಂದ ಸರಿಹೋಗುವುದಿಲ್ಲ. ಅಪ್‌ಡೇಟ್ ಆದ ಮೇಲೂ ಎಕ್ಸ್‌ಪೋರ್ಟ್ ಕುಸಿಯುತ್ತಿದ್ದರೆ ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಈ ದೋಷದ ಪಟ್ಟಿಯಲ್ಲಿರುವ, ಡಬ್ಬದಲ್ಲಿ ಬಂದ ಪ್ರೊಸೆಸರ್‌ಗಳಿಗೆ ಕಂಪನಿ ಎರಡು ವರ್ಷ ಹೆಚ್ಚುವರಿ ವಾರಂಟಿ ಕೊಟ್ಟಿದೆ.

ಕೊನೆಯದಾಗಿ, ಡ್ರೈವ್‌ಗಳ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ಹಾರ್ಡ್ ಡಿಸ್ಕ್‌ನ ಸಿ5 ಸಾಲಿನ ಕಚ್ಚಾ ಸಂಖ್ಯೆ ಸೊನ್ನೆ ಬಿಟ್ಟು ಮೇಲೇರಿದ್ದರೆ ಓದಲಾಗದ ಸೆಕ್ಟರ್‌ಗಳಿವೆ ಎಂದರ್ಥ, ಅಂದೇ ಫೂಟೇಜ್ ಬೇರೆಡೆ ಕಾಪಿ ಮಾಡಿ. ಸಿ7 ಏರುತ್ತಿದ್ದರೆ ಡಿಸ್ಕ್ ಬಹುಶಃ ಚೆನ್ನಾಗಿಯೇ ಇದೆ, ಸಾಟಾ ಕೇಬಲ್ ಬದಲಿಸಿ ನೋಡಿ. ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವ ವ್ಯವಸ್ಥೆ) ಇದೆಯೆಂದು ಬ್ಯಾಕಪ್ ಬಿಡಬೇಡಿ: ತಪ್ಪಿ ಡಿಲೀಟ್ ಆದದ್ದು ರೇಡ್‌ನ ಎಲ್ಲ ಡಿಸ್ಕ್‌ಗಳಿಂದಲೂ ಒಟ್ಟಿಗೇ ಹೋಗುತ್ತದೆ. ಕ್ಯಾಮೆರಾ ಕಾರ್ಡನ್ನು ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂದು ತಿಳಿಸುವ ಸಂಖ್ಯೆ) ಹೋಲಿಸುವ ಸಾಫ್ಟ್‌ವೇರ್‌ನಿಂದಲೇ ಎರಡು ಬೇರೆ ಬೇರೆ ಡ್ರೈವ್‌ಗಳಿಗೆ ಇಳಿಸಿ, ಎರಡೂ ಸರಿಯೆಂದು ವರದಿ ಬಂದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಿ.