ವೆಂಬ್ಲಿಯಲ್ಲಿ ಅಮ್ಮನ ವಾರಗೆಯವರು

2022ರ ಅಕ್ಟೋಬರ್ 7, ಶುಕ್ರವಾರ ರಾತ್ರಿ ಎಂಟು ಗಂಟೆಗೆ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕ ಮಹಿಳಾ ತಂಡಗಳ ಸೌಹಾರ್ದ ಫುಟ್‌ಬಾಲ್ ಪಂದ್ಯ. ಗೆದ್ದರೆ ಕಪ್ಪಿಲ್ಲ, ಅಂಕವೂ ಇಲ್ಲ. ಆದರೂ ಟಿಕೆಟ್ ಬೇಗ ಖಾಲಿಯಾಗಿದ್ದವು. ಜುಲೈ 31ರಂದು ಇದೇ ಮೈದಾನದಲ್ಲಿ ಜರ್ಮನಿಯನ್ನು ಮಣಿಸಿ ಇಂಗ್ಲೆಂಡಿನ ಹೆಣ್ಣುಮಕ್ಕಳು ಯುರೋಪಿನ ದೇಶಗಳ ಕಪ್ ಆದ ಯುರೋ ಗೆದ್ದಿದ್ದರು. ಎದುರಿಗಿದ್ದದ್ದು ವಿಶ್ವ ಚಾಂಪಿಯನ್ ಅಮೆರಿಕ, 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನೇ ಮನೆಗೆ ಕಳಿಸಿದ ತಂಡ.

ದಾವಣಗೆರೆಯಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋದೆ. ಫುಟ್‌ಬಾಲ್ ಆಕೆಗೆ ಗೊತ್ತಿಲ್ಲ. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ದಪ್ಪ ಕೋಟು ಹಾಕಿಕೊಂಡು ವೆಂಬ್ಲಿ ಪಾರ್ಕ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು ಕೆಳಗಿನ ಜನಸಾಗರ ನೋಡಿ, “ಏನೇ ಇದು, ದುಗ್ಗಮ್ಮನ ಜಾತ್ರಿ ಇದ್ದಂಗೈತೆ! ಫೈನಲ್ ಏನು?” ಎಂದಳು. ಅಲ್ಲಮ್ಮ, ಸುಮ್ಮನೆ ಸ್ನೇಹಕ್ಕೆ ಆಡುವ ಪಂದ್ಯ ಎಂದೆ. ನಂಬಲಿಲ್ಲ. ಆ ರಾತ್ರಿಯ ಲೆಕ್ಕ 76,893 ಜನ.

ಆ ಸಂಜೆ ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಮೈದಾನಕ್ಕೆ ಬಂದ ಹಿರಿಯ ಹೆಂಗಸರು. 1972ರ ನವೆಂಬರ್ 18ರಂದು ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ ಇಂಗ್ಲೆಂಡ್ ಮಹಿಳೆಯರು ತಮ್ಮ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಆಡಿ 3-2ರಿಂದ ಗೆದ್ದಿದ್ದರು. ಇವರು ಆ ತಂಡದವರು. ದೇಶಕ್ಕೆ ಆಡಿದವರಿಗೆ ಕ್ಯಾಪ್ ಕೊಡುವುದು ಇಲ್ಲಿನ ಹಳೆಯ ಪದ್ಧತಿ. ಗಂಡಸರಿಗೆ ಅದನ್ನು ಫುಟ್‌ಬಾಲ್ ಸಂಸ್ಥೆ ಕೊಡುತ್ತಿತ್ತು. ಇವರಿಗೆ ಯಾರೂ ಕೊಡಲಿಲ್ಲ ಎಂದು ಫ್ಲೋ ಬಿಲ್ಟನ್ ಎಂಬ ಮಹಿಳಾ ಫುಟ್‌ಬಾಲ್ ಸಂಘಟಕಿ ತಾವೇ ಕೈಯಲ್ಲಿ ಹೊಲಿದುಕೊಟ್ಟಿದ್ದರು. ಅಧಿಕೃತ ಕ್ಯಾಪು ಸಿಗಲು ಐವತ್ತು ವರ್ಷ ಬೇಕಾಯಿತು.

ಅಮ್ಮ ದೊಡ್ಡ ಪರದೆಯನ್ನೇ ನೋಡುತ್ತಿದ್ದಳು. “ಇವರು ನನ್ನ ವಾರಗೆಯವರಲ್ವೇನೇ? ಆಗ ಇವರಿಗೆ ಆಡೋಕೆ ಬಿಟ್ಟಿದ್ರಾ?”

ಇವರು ಚಿಕ್ಕವರಿದ್ದಾಗ ಬಿಟ್ಟಿರಲಿಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಪ್ರೆಸ್ಟನ್ನಿನ ಕಾರ್ಖಾನೆಯೊಂದರ ಕೆಲಸಗಾರ್ತಿಯರ ತಂಡ ಡಿಕ್, ಕೆರ್ ಲೇಡೀಸ್‌ನ ಆಟ ನೋಡಲು 53,000 ಜನ ಸೇರಿದ್ದರು. ಒಂದು ವರ್ಷ ಕಳೆಯುವ ಮೊದಲೇ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನಗಳನ್ನೆಲ್ಲ ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಅರ್ಧ ಶತಮಾನ ಹಿಡಿಯಿತು. ನನ್ನ ಶಾಲೆಯಲ್ಲಿ ಫುಟ್‌ಬಾಲ್ ಹುಡುಗರದ್ದು, ನಮಗೆ ಥ್ರೋಬಾಲ್, ಖೋ ಖೋ. ಅಲ್ಲಿ ಯಾರೂ ನಿಷೇಧ ಹೇರಿರಲಿಲ್ಲ, ಆದರೆ ಚೆಂಡು ನಮ್ಮ ಕಾಲಿಗೆ ಬಂದದ್ದೇ ಇಲ್ಲ. ಇದನ್ನೆಲ್ಲ ಅಮ್ಮನ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು, ಅಷ್ಟು ಗದ್ದಲ.

ಆಟ ಶುರುವಾಗುವ ಮುಂಚೆ ಎರಡೂ ತಂಡದವರು ಒಟ್ಟಾಗಿ ನಿಂತು ಆಟಗಾರ್ತಿಯರನ್ನು ರಕ್ಷಿಸಿ ಎಂಬ ಬ್ಯಾನರ್ ಹಿಡಿದರು. ನಾಲ್ಕು ದಿನ ಹಿಂದಷ್ಟೇ ಅಮೆರಿಕದಲ್ಲಿ ವಕೀಲೆ ಸ್ಯಾಲಿ ಯೇಟ್ಸ್ ಅವರ ತನಿಖಾ ವರದಿ ಹೊರಬಂದಿತ್ತು. ಅಲ್ಲಿನ ಮಹಿಳಾ ಲೀಗ್‌ನಲ್ಲಿ ಕೋಚ್‌ಗಳಿಂದ ಲೈಂಗಿಕ ದುರ್ವರ್ತನೆ, ಬೈಗುಳ, ಮಾನಸಿಕ ಹಿಂಸೆ ವ್ಯಾಪಕವಾಗಿ ನಡೆದಿವೆ, ದೂರುಗಳನ್ನು ಬಲ್ಲವರೂ ತಡೆಯಲಿಲ್ಲ ಎಂದು ಅದು ಹೇಳಿತ್ತು. ಅಂಥ ವಾರದಲ್ಲಿ ಈ ಹೆಣ್ಣುಮಕ್ಕಳು ಬೂಟು ಕಟ್ಟಿಕೊಂಡು ಮೈದಾನಕ್ಕೆ ಇಳಿದಿದ್ದರು. ಅವರ ಗಟ್ಟಿತನವನ್ನು ಹೊಗಳುವುದು ಸುಲಭ. ನನಗೆ ಸಿಟ್ಟೇ ಬಂತು. ಆಡುವುದು ಅವರ ಕೆಲಸ. ಕಾಯುವ ಕೆಲಸಕ್ಕೆ ಸಂಬಳ ಪಡೆಯುವವರು ಬೇರೆ ಇದ್ದರು.

ಆಟ ಮಾತ್ರ ಬಿರುಸಾಗಿತ್ತು. ಹತ್ತನೇ ನಿಮಿಷಕ್ಕೆ ಇಂಗ್ಲೆಂಡಿನ ಲಾರೆನ್ ಹೆಂಪ್ ಹತ್ತಿರದಿಂದ ಗೋಲು ಹೊಡೆದಳು. 28ರಲ್ಲಿ ಇಂಗ್ಲೆಂಡಿನ ಜಾರ್ಜಿಯಾ ಸ್ಟ್ಯಾನ್‌ವೇ ತಮ್ಮ ಗೋಲಿನ ಹತ್ತಿರವೇ ಚೆಂಡು ಕಳೆದುಕೊಂಡಳು, ಅಮೆರಿಕದ ಸೋಫಿಯಾ ಸ್ಮಿತ್ ತಡಮಾಡದೆ ಒಳಗೆ ಹಾಕಿದಳು. ಐದೇ ನಿಮಿಷದಲ್ಲಿ ಇಂಗ್ಲೆಂಡಿಗೆ ಪೆನಾಲ್ಟಿ. ಒದೆಯಲು ಬಂದವಳು ಅದೇ ಸ್ಟ್ಯಾನ್‌ವೇ. 2-1. “ಚೆಂಡು ಕಳಕೊಂಡವಳೇ ಅಲ್ವಾ? ಒಳ್ಳೇದಾತು ಬಿಡು” ಎಂದು ಅಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಅಮೆರಿಕದ ಟ್ರಿನಿಟಿ ರಾಡ್‌ಮನ್ ಗೋಲು ಹೊಡೆದರೂ ವಿಡಿಯೋ ನೋಡಿ ಆಫ್‌ಸೈಡ್ ಎಂದು ರದ್ದು ಮಾಡಿದರು. ಎರಡನೇ ಅರ್ಧದಲ್ಲಿ ಅಮೆರಿಕಕ್ಕೆ ಕೊಟ್ಟ ಪೆನಾಲ್ಟಿಯನ್ನೂ ಹಾಗೇ ಹಿಂದಕ್ಕೆ ತೆಗೆದುಕೊಂಡರು. ಅಮ್ಮನಿಗೆ ಇದು ಸರಿ ಕಾಣಲಿಲ್ಲ. ಕೊಟ್ಟ ಮೇಲೆ ಕಿತ್ತುಕೊಳ್ಳಬಾರದು ಎಂಬುದು ಅವಳ ವಾದ. ನನಗೆ ಇಂಗ್ಲೆಂಡ್ ಗೆದ್ದದ್ದು ಖುಷಿ, ಆದರೆ ಅಮೆರಿಕ ಸೋಲಬೇಕಾದ ಆಟ ಆಡಿರಲಿಲ್ಲ.

ವಾಪಸ್ ಟ್ರೈನಿನಲ್ಲಿ ಅಮ್ಮ ಗೋಲುಗಳ ಮಾತೆತ್ತಲಿಲ್ಲ. ಆ ಕೋಚ್‌ಗಳಿಗೆ ಏನು ಮಾಡಿದರು ಎಂದು ಕೇಳಿದಳು. ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. 2023ರ ಜನವರಿಯಲ್ಲಿ ಲೀಗ್ ನಾಲ್ವರು ಮಾಜಿ ಕೋಚ್‌ಗಳನ್ನು ಶಾಶ್ವತವಾಗಿ ನಿಷೇಧಿಸಿದಾಗ ದಾವಣಗೆರೆಗೆ ಫೋನ್ ಮಾಡಿ ಹೇಳಿದೆ.

“ಮೊದಲೇ ಯಾರೂ ಹೇಳಿರಲಿಲ್ವಾ?”

“ಹೇಳಿದ್ರಮ್ಮ. ಒಬ್ಬಾಕೆ 2015ರಲ್ಲೇ ತನ್ನ ಕ್ಲಬ್ಬಿಗೆ ದೂರು ಕೊಟ್ಟಿದ್ಲು.”

“ಏಳೆಂಟು ವರ್ಷ!” ಎಂದಳು ಅಮ್ಮ. “ಆ ಹುಡುಗಿ ಆಮೇಲೂ ಆಡಿದಳಾ?”

ಕೆಲವು ವರ್ಷ ಆಡಿ ಬಿಟ್ಟಳು ಎಂದೆ.